ಕಲ್ಲಿನ ಅಕ್ಷರಕ್ಕೆ ಅಂಟಿಸುವ ಟಿಪ್ಪಣಿ

ನಾನಿರುವ ಡೆಂಕಣಿಕೋಟೆಯ ಸುತ್ತಮುತ್ತ, ಹೊಸೂರು, ಕೃಷ್ಣಗಿರಿ ಕಡೆಯಲ್ಲೆಲ್ಲ ವೀರಗಲ್ಲುಗಳಿವೆ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ'ದ 9ನೇ ಸಂಪುಟವಾಗಿ ಪ್ರಕಟಿಸಿದರು. ಅದು ಮೈಸೂರು ಸಂಸ್ಥಾನದ ಕೆಲಸ. ಡೆಂಕಣಿಕೋಟೆ ಆಗ ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿತ್ತು. ಹಾಗಾಗಿ ಗಡಿಯ ಈಚೆಗಿನ ಕನ್ನಡ ಕಲ್ಲುಗಳಿಗೆ ಆ ಸಂಪುಟದಲ್ಲಿ ಜಾಗ ಸಿಗಲಿಲ್ಲ.

ಹಿಂದೆ ಶಾಸನದ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು, ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಿದ್ದರು. 2021ರಿಂದ ಬೆಂಗಳೂರಿನ ಮಿಥಿಕ್ ಸೊಸೈಟಿ ಆ ಭಾಗದ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದೆ. 2018ರಲ್ಲಿ ಪತ್ತೆಯಾದ, 8ನೇ ಶತಮಾನದ ಹೆಬ್ಬಾಳದ ಕಿತ್ತಯ್ಯನ ಕಲ್ಲೂ ಅದರಲ್ಲಿದೆ. ಎಣ್ಣೆ, ಸುಣ್ಣ ಮೆತ್ತಿ ಮಸುಕಾದ ಅಕ್ಷರವನ್ನು ಕಂಪ್ಯೂಟರ್‌ನಲ್ಲಿ ಪಕ್ಕದಿಂದ ಬೆಳಕು ಬಿಟ್ಟು ಓದಲು ನೋಡಬಹುದು.

ಆದರೆ ಬರೀ ಮಾಡೆಲ್ ಇದ್ದರೆ ಸಾಲದು. ಡಿಪ್ಲೊಮಾ ಓದಿದವರಿಗೆ ಗೊತ್ತು, ಅಳತೆ ಬರೆಯದ ಡ್ರಾಯಿಂಗ್ ಲೇತ್ ಮುಂದೆ ನಿಂತವನಿಗೆ ಉಪಯೋಗವಿಲ್ಲ. ಯಾವ ತೂತು, ಎಷ್ಟು ವ್ಯಾಸ ಎಂದು ಬಾಣ ಹಾಕಿ ತೋರಿಸಬೇಕು. ಶಾಸನಕ್ಕೂ ಅಷ್ಟೇ. 'ಮೂರನೇ ಸಾಲಿನ ಈ ಅಕ್ಷರ ಇಂಥದ್ದು, ಇಲ್ಲಿ ಚಕ್ಕೆ ಎದ್ದಿದೆ' ಎಂಬ ಮಾತು ಮಾಡೆಲ್‌ನ ಅದೇ ಜಾಗಕ್ಕೆ ಅಂಟಿರಬೇಕು. ಸ್ಮಿತ್ಸೋನಿಯನ್ ಸಂಸ್ಥೆಯ 'ವಾಯೇಜರ್' ಎಂಬ ಉಚಿತ ತಂತ್ರಾಂಶ ಇದಕ್ಕಿದೆ. ಫ್ರಾನ್ಸ್‌ನ 'ಅಯೋಲಿ' ಇನ್ನೂ ಚೆಂದ: ಒಂದು ಫೋಟೋದ ಮೇಲೆ ಗೆರೆ ಎಳೆದರೆ ಆ ಗುರುತು 3ಡಿ ಮಾಡೆಲ್‌ಗೂ, ಆ ಜಾಗ ಕಾಣುವ ಉಳಿದ ಫೋಟೋಗಳಿಗೂ ತಾನೇ ಹೋಗುತ್ತದೆ. 2019ರಲ್ಲಿ ಬೆಂಕಿಗೆ ತುತ್ತಾದ ಪ್ಯಾರಿಸ್‌ನ ನೋತ್ರ್‌ದಾಮ್ ಚರ್ಚಿನ ಅಧ್ಯಯನಕ್ಕೂ ಇದನ್ನು ಬಳಸಿದರು.

ಇದನ್ನೆಲ್ಲ ನಮ್ಮ ಬ್ಯಾರಿಗಳ ಮುಂದೆ ಹೇಳಲು ಕಾರಣವಿದೆ. ಮಂಗಳೂರು ಬಂದರಿನ ಝೀನತ್ ಬಕ್ಷ್ ಪಲ್ಲಿಯ ಒಳಗಿನ ಮರದ ಕೆತ್ತನೆ ಉಳಿದುಕೊಂಡಿದೆ, ಅದು ನಮ್ಮ ಪುಣ್ಯ. ಎಷ್ಟೋ ಊರುಗಳಲ್ಲಿ ಹಳೇ ಪಲ್ಲಿ ಕೆಡವಿ ಕಾಂಕ್ರೀಟ್ ಪಲ್ಲಿ ಕಟ್ಟಿದ್ದೇವೆ. ಜನ ಹೆಚ್ಚಿದಾಗ ಕಟ್ಟಲೇಬೇಕು, ಅದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ತೊಲೆ, ಬಾಗಿಲು, ಅಕ್ಷರ ಕೆತ್ತಿದ ಮೀಸಾನ್ ಕಲ್ಲು ಎಲ್ಲಿ ಹೋದವು ಎಂದು ಯಾರಾದರೂ ಬರೆದಿಟ್ಟಿದ್ದೇವೆಯೇ?

ದುಬಾರಿ ಸ್ಕ್ಯಾನರ್ ಬೇಕೆಂದಿಲ್ಲ. ಜಮಾಅತ್‌ನ ಒಪ್ಪಿಗೆ ಪಡೆದು, ಮೋಡ ಕವಿದ ದಿನ, ಕಲ್ಲಿನ ಪಕ್ಕ ಒಂದು ಅಡಿಕೋಲು ಇಟ್ಟು, ಸುತ್ತಲೂ ಮೊಬೈಲ್‌ನಲ್ಲಿ ಅರವತ್ತು ಎಪ್ಪತ್ತು ಫೋಟೋ ತೆಗೆದರೆ ಮಾಡೆಲ್ ಆಗುತ್ತದೆ. ಪ್ರತಿ ಫೋಟೋದಲ್ಲೂ ಹಿಂದಿನ ಫೋಟೋದ ಮುಕ್ಕಾಲು ಭಾಗ ಬಂದಿರಬೇಕು. ಆಮೇಲೆ ಊರಿನ ಹಿರಿಯರನ್ನು ಕೂರಿಸಿಕೊಂಡು, ಈ ಕಲ್ಲು ಯಾರದು, ಈ ಬಾಗಿಲು ಯಾವ ಮನೆಯವರು ಕೊಟ್ಟದ್ದು ಎಂದು ಕೇಳಿ ಬ್ಯಾರಿಯಲ್ಲೇ ಬರೆದು ಅಂಟಿಸಬಹುದು.