ಸಹಜ ಮಾರಕ ಕೋಶಗಳು ಮತ್ತು ಬ್ರುಸೆಲ್ಲಾ ಸೋಂಕು: ಅಧ್ಯಯನದ ಇತಿಹಾಸ

ಭಕ್ಷಕಕೋಶಗಳ ಒಳಹೊಕ್ಕು ಅಲ್ಲಿಯೇ ವೃದ್ಧಿಹೊಂದುವ ಬ್ಯಾಕ್ಟೀರಿಯಗಳಲ್ಲಿ ಬ್ರುಸೆಲ್ಲಾ ಪ್ರಮುಖವಾದುದು. 1887ರಲ್ಲಿ ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಇದನ್ನು ಕಂಡುಹಿಡಿದನು. ಆಡಿನ ಹಾಲೇ ಇದರ ವಾಹಕವೆಂದು 1905ರಲ್ಲಿ ಜಾಮಿಟ್ ತೋರಿಸಿದನು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನೊಳಗೊಂಡ ವಿಜಯಪುರ ಸೀಮೆಯಲ್ಲಿ, ಆಡು ಕುರಿಗಳೊಡನೆ ಬಾಳುವ ಮತ್ತು ಹಸಿ ಹಾಲು ಕುಡಿಯುವ ಜನರಲ್ಲಿ ಬಹುಕಾಲದಿಂದ ಬೇರೆ ಜ್ವರಗಳ ಹೆಸರಿನಲ್ಲಿ ಅಡಗಿದ್ದ, ಈ ಸೋಂಕಿನಿಂದಾಗುವ ಬ್ರುಸೆಲ್ಲೋಸಿಸ್ ರೋಗದ ವ್ಯಾಪ್ತಿಯನ್ನು ಬೆಳಕಿಗೆ ತಂದವರು ಅಲ್ಲಿಯ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಬಿ. ಜಿ. ಮಂಟೂರ ಮತ್ತು ಅವರ ಸಂಗಡಿಗರು. 2004ರಲ್ಲಿ 93 ಮಕ್ಕಳ ವೃತ್ತಾಂತವನ್ನೂ, 2006ರಲ್ಲಿ 16 ವರ್ಷಗಳ ಅವಧಿಯ 495 ವಯಸ್ಕ ರೋಗಿಗಳ ವೃತ್ತಾಂತವನ್ನೂ ಅವರು ಪ್ರಕಟಿಸಿದರು. ಇಲ್ಲಿ ಪ್ರಧಾನವಾದುದು ಬ್ರುಸೆಲ್ಲಾ ಮೆಲಿಟೆನ್ಸಿಸ್ ಎಂಬ ಪ್ರಭೇದ. ಮುಂದಿನ ಚರ್ಚೆಗೆ ಈ ಅಂಶ ಅತ್ಯಗತ್ಯವಾದುದು.

ಪೂರ್ವಪರಿಚಯವಿಲ್ಲದೆಯೇ ಅರ್ಬುದಕೋಶಗಳನ್ನು ಕೊಲ್ಲಬಲ್ಲ ಸಹಜ ಮಾರಕ ಕೋಶಗಳು 1975ರಲ್ಲಿ ಸ್ಟಾಕ್‌ಹೋಮಿನ ಕೀಸ್ಲಿಂಗ್, ಕ್ಲೈನ್, ವಿಗ್ಜೆಲ್ ಇವರಿಂದಲೂ, ಅಮೆರಿಕದ ಹರ್ಬರ್ಮನ್‌ನಿಂದಲೂ ವರ್ಣಿತವಾದವು. ಬ್ಯಾಕ್ಟೀರಿಯಗಳ ವಿಷಯದಲ್ಲಿ ನಿಜವಾದ ತಿರುವು ಅದಾದ ಸುಮಾರು ಒಂದು ದಶಕದ ಮೇಲೆ ಬಂದಿತು. ಟಿ ಕೋಶಗಳೇ ಇಲ್ಲದ ಇಲಿಗಳು ಲಿಸ್ಟೀರಿಯಾ ಸೋಂಕನ್ನು ಕೆಲಕಾಲ ತಡೆದುನಿಲ್ಲುವುದಕ್ಕೆ ಕಾರಣ, ಸಹಜ ಮಾರಕ ಕೋಶಗಳು ಸ್ರವಿಸುವ ಗಾಮಾ ಇಂಟರ್‌ಫೆರಾನ್ ಭಕ್ಷಕಕೋಶಗಳನ್ನು ಉದ್ದೀಪಿಸುವುದೇ ಎಂಬುದನ್ನು ಬ್ಯಾಂಕ್ರಾಫ್ಟ್, ಉನಾನುವೆ ಮೊದಲಾದವರು ಸ್ಥಾಪಿಸಿದರು. ಆ ಸ್ರಾವಕ್ಕೆ ಇಂಟರ್‌ಲ್ಯೂಕಿನ್-12 ಪ್ರೇರಕವೆಂಬುದು 1993ರಲ್ಲಿ ಸ್ಪಷ್ಟವಾಯಿತು.

ಲಿಸ್ಟೀರಿಯಾಕ್ಕೆ ಸಲ್ಲುವ ಈ ಸಿದ್ಧಾಂತವನ್ನು ಬ್ರುಸೆಲ್ಲಾಕ್ಕೂ ಹಾಗೆಯೇ ಅನ್ವಯಿಸುವ ವಾಡಿಕೆಯಿಂದಲೇ ಗೊಂದಲ ಹುಟ್ಟಿದೆ. ತೀವ್ರ ಬ್ರುಸೆಲ್ಲೋಸಿಸ್ ರೋಗಿಗಳಲ್ಲಿ ಈ ಕೋಶಗಳ ಮಾರಕಶಕ್ತಿ ಕುಂದಿರುತ್ತದೆಂದು 1992ರಲ್ಲಿ ಸ್ಪೇನಿನ ವೈದ್ಯರು ವರದಿಮಾಡಿದರು. 1995ರಲ್ಲಿ ಬಾಲ್ಡ್ವಿನ್ ಮತ್ತು ಸಹೋದ್ಯೋಗಿಗಳು ಇಲಿಗಳಿಂದ ಈ ಕೋಶಗಳನ್ನು ನಿವಾರಿಸಿ ನೋಡಲಾಗಿ, ಬ್ರುಸೆಲ್ಲಾ ಅಬಾರ್ಟಸ್‌ನ ಆರಂಭಿಕ ನಿಯಂತ್ರಣದಲ್ಲಿ ಅವುಗಳಿಗೆ ಪಾತ್ರವೇ ಇಲ್ಲವೆಂದು ತೋರಿತು. 2004ರಲ್ಲಿಯಾದರೋ ಫ್ರಾನ್ಸಿನ ಡಾರ್ನಾಂಡ್ ಮತ್ತು ಸಂಗಡಿಗರು, ಮಾನವನ ಮಾರಕ ಕೋಶಗಳು ಸೋಂಕಿತ ಭಕ್ಷಕಕೋಶಗಳನ್ನು ನೇರವಾಗಿ ಸ್ಪರ್ಶಿಸಿದಾಗ ಒಳಗಿನ ಬ್ರುಸೆಲ್ಲಾ ಸುಯಿಸ್‌ನ ವೃದ್ಧಿ ತಗ್ಗುವುದನ್ನು ಕಂಡರು. ಈ ಮೂರನ್ನೂ ಪರಸ್ಪರ ವಿರುದ್ಧ ಸಾಕ್ಷ್ಯಗಳೆಂದು ಎಣಿಸುವುದು ನ್ಯಾಯವಲ್ಲ: ಒಂದು ರೋಗಿಯ ರಕ್ತವನ್ನು, ಮತ್ತೊಂದು ಇಲಿಯ ದೇಹವನ್ನು, ಮೂರನೆಯದು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶವನ್ನು ಕುರಿತದ್ದು, ಪ್ರಭೇದಗಳೂ ಬೇರೆ. ಮೆಲಿಟೆನ್ಸಿಸ್ ಪ್ರಧಾನವಾದ ವಿಜಯಪುರದ ರೋಗಿಗೆ ಇವುಗಳಲ್ಲಿ ಅತಿ ಸಮೀಪವಾದುದು, ಅದೇ ಪ್ರಭೇದ ಹಬ್ಬಿದ್ದ ಸ್ಪೇನಿನ ವರದಿಯೇ ಸರಿ. ಬ್ರುಸೆಲ್ಲಾದ ಹೊರಪೊರೆಯ ಲಿಪೊಪಾಲಿಸ್ಯಾಕರೈಡ್ ದೇಹದ ಎಚ್ಚರಿಕೆಯ ವ್ಯವಸ್ಥೆಯನ್ನು ಮಂದವಾಗಿ ಮಾತ್ರ ಕೆಣಕುತ್ತದೆಂಬುದನ್ನೂ ಲಿಸ್ಟೀರಿಯಾದ ಸಿದ್ಧಾಂತವನ್ನು ಅನ್ವಯಿಸುವಾಗ ನೆನೆಯಬೇಕು.

ಇಲಿಯ ಸಾಕ್ಷ್ಯದ ಮಿತಿಗೆ ಇನ್ನೊಂದು ಕಾರಣವುಂಟು. ಮಾನವನ ಮಾರಕ ಕೋಶಗಳಲ್ಲಿರುವ ಗ್ರಾನ್ಯುಲೈಸಿನ್ ಎಂಬ ಪ್ರೋಟೀನು ಇಲಿಗಳಲ್ಲಿ ಇಲ್ಲವೇ ಇಲ್ಲ. ಈ ಪ್ರೋಟೀನು ಬ್ಯಾಕ್ಟೀರಿಯದ ಪೊರೆಯನ್ನು ಭೇದಿಸಿ ಗ್ರಾನ್ಜೈಮುಗಳೆಂಬ ಮಾರಕ ಕಿಣ್ವಗಳಿಗೆ ದಾರಿಮಾಡಿಕೊಡುತ್ತದೆಂದು 2014ರಲ್ಲಿ ತಿಳಿದುಬಂದಿತು. 2020ರಲ್ಲಿ ಕ್ರೆಸ್ಪೋ ಮೊದಲಾದವರು, ಗರ್ಭಕೋಶದ ಒಳಪದರದಲ್ಲಿರುವ ಮಾರಕ ಕೋಶಗಳು ಸೂಕ್ಷ್ಮ ನಾಳಗಳ ಮೂಲಕ ಗ್ರಾನ್ಯುಲೈಸಿನನ್ನು ಮಾಸಿನ ಕೋಶಗಳಿಗೆ ಸಾಗಿಸಿ, ಆ ಕೋಶಗಳಿಗೆ ಹಾನಿಯಾಗದಂತೆ ಒಳಗಿನ ಲಿಸ್ಟೀರಿಯಾವನ್ನು ಮಾತ್ರ ಕೊಲ್ಲುವುದನ್ನು ತೋರಿಸಿದರು. ಆಡು ಕುರಿಗಳು ಕಂದುಹಾಕುವಂತೆ ಮಾಡುವ ಬ್ರುಸೆಲ್ಲಾವೂ ಮಾಸಿನಲ್ಲಿಯೇ ನೆಲೆಸುವುದಾದರೂ, ಆ ಪ್ರಯೋಗ ನಡೆದುದು ಲಿಸ್ಟೀರಿಯಾದ ಮೇಲೆ, ಮಾನವ ಕೋಶಗಳಲ್ಲಿ. ಅದರ ಫಲಿತಾಂಶವನ್ನು ಹಟ್ಟಿಯ ಕುರಿಗೆ ಆರೋಪಿಸಲು ಆಧಾರವಿಲ್ಲ.