ತ್ರಿಲಕ್ಷಣಕದರ್ಥನ: ಪರಪಕ್ಷದಲ್ಲಿ ಉಳಿದ ವಾದ

ಪ್ರತಿವಾದಿಯನ್ನು ಒಪ್ಪಿಸುವ ವಾಕ್ಯಕ್ಕೆ ಎಷ್ಟು ಅವಯವಗಳಿರಬೇಕು? ನೈಯಾಯಿಕರು ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನವೆಂದು ಐದನ್ನು ಹೇಳಿದರು. ದಶವೈಕಾಲಿಕ ನಿರ್ಯುಕ್ತಿಯು ಶ್ರೋತೃವನ್ನನುಸರಿಸಿ ಐದಕ್ಕೂ ಹತ್ತಕ್ಕೂ ಎಡೆಗೊಟ್ಟಿತು. ಮಾಣಿಕ್ಯನಂದಿಗಳ ಪರೀಕ್ಷಾಮುಖವಾದರೋ ಪ್ರತಿಜ್ಞೆ ಹೇತುಗಳೆರಡೇ ಸಾಕೆಂದು ನಿರ್ಣಯಿಸಿ, ಉಳಿದ ಮೂರನ್ನು ಬಾಲವ್ಯುತ್ಪತ್ತಿಗಾಗಿ ಶಾಸ್ತ್ರದಲ್ಲಿ ಮಾತ್ರ ಅಂಗೀಕರಿಸಿ, ವಾದದಲ್ಲಿ ಅವು ನಿರುಪಯೋಗಿಯೆಂದಿತು. ತಿಳಿಸಿಕೊಡುವುದು ಬೇರೆ, ಸಾಧಿಸುವುದು ಬೇರೆ ಎಂಬ ಈ ವಿವೇಕ ಜೈನನ್ಯಾಯದ ದೊಡ್ಡ ಗಳಿಕೆ.

ಈ ಸಂಕ್ಷೇಪಕ್ಕೆ ಆಧಾರವಾದುದು ಪಾತ್ರಕೇಸರಿಗಳ ಹೇತುವಿಚಾರ. ಬೌದ್ಧರು ಸದ್ಧೇತುವಿಗೆ ಪಕ್ಷಧರ್ಮತ್ವ, ಸಪಕ್ಷಸತ್ತ್ವ, ವಿಪಕ್ಷಾಸತ್ತ್ವವೆಂಬ ಮೂರು ಲಕ್ಷಣಗಳನ್ನು ವಿಧಿಸಿದ್ದರು. ‘ಇವನು ಶ್ಯಾಮವರ್ಣದವನು, ಅವನ ಮಗನಾದುದರಿಂದ, ಅವನ ಇತರ ಮಕ್ಕಳಂತೆ’ ಎಂಬಲ್ಲಿ ಮೂರೂ ಕೂಡಿಬರುತ್ತವೆ; ಆದರೂ ಸಾಧ್ಯವು ಸಿದ್ಧಿಸುವುದಿಲ್ಲ, ಏಕೆಂದರೆ ಅದೇ ತಂದೆಗೆ ಗೌರವರ್ಣದ ಮಗನೂ ಹುಟ್ಟಬಹುದು. ಕೃತ್ತಿಕೋದಯದಿಂದ ಮುಂದೆ ರೋಹಿಣಿಯ ಉದಯವನ್ನು ಊಹಿಸುವಲ್ಲಿ ಪಕ್ಷಧರ್ಮತ್ವವೇ ಇಲ್ಲ. ಆದರೂ ಊಹೆ ತಪ್ಪದು. ಆದುದರಿಂದ ಸಾಧ್ಯವಿಲ್ಲದೆ ಹೇತುವು ಉಂಟಾಗಲಾರದೆಂಬ ಅನ್ಯಥಾನುಪಪತ್ತಿಯೊಂದೇ ಲಕ್ಷಣ. ಅದಿದ್ದರೆ ಉಳಿದವು ಬೇಡ. ಅದಿಲ್ಲದಿದ್ದರೆ ಉಳಿದವು ವ್ಯರ್ಥ. ವಿದ್ಯಾನಂದಿಗಳು ಪ್ರಮಾಣಪರೀಕ್ಷೆಯಲ್ಲಿ ಇದೇ ಯುಕ್ತಿಯನ್ನು ನೈಯಾಯಿಕರ ಪಂಚಲಕ್ಷಣಗಳ ಮೇಲೂ ತಿರುಗಿಸಿದರು.

ಇಂತಹ ಪ್ರಬಲ ವಾದವನ್ನು ಹೊತ್ತ ತ್ರಿಲಕ್ಷಣಕದರ್ಥನವು ಇಂದು ಉಪಲಬ್ಧವಿಲ್ಲ. ಶ್ರವಣಬೆಳ್ಗೊಳದ ಚಿಕ್ಕಬೆಟ್ಟದಲ್ಲಿರುವ ಶಕ 1050ರ ಮಲ್ಲಿಷೇಣಪ್ರಶಸ್ತಿಯು, ಈ ಕಾರ್ಯಕ್ಕೆ ಪದ್ಮಾವತೀದೇವಿ ಸಹಾಯಳಾದಳೆಂದು ಸ್ಮರಿಸುತ್ತದೆ. ಮುಖ್ಯ ಕಾರಿಕೆಯು ಅಕಲಂಕದೇವರ ನ್ಯಾಯವಿನಿಶ್ಚಯದಲ್ಲಿ ಸೇರಿದೆ. (ಪಾತ್ರಕೇಸರಿಗಳೂ ವಿದ್ಯಾನಂದಿಗಳೂ ಒಬ್ಬರೇ ಎಂಬ ಹಳೆಯ ಮತ ಇಲ್ಲಿಯೇ ಬೀಳುತ್ತದೆ. ಅಕಲಂಕರ ಅಷ್ಟಶತಿಯನ್ನು ವಿವರಿಸಿದವರ ಕಾರಿಕೆಯು ಅಕಲಂಕರ ಗ್ರಂಥದಲ್ಲಿರುವುದು ಅನುಪಪನ್ನ.)

ಆದರೆ ವಾದವು ವಿಸ್ತಾರವಾಗಿ, ದೃಷ್ಟಾಂತಗಳ ಸಹಿತ ಉಳಿದಿರುವುದು ಅದನ್ನು ಖಂಡಿಸಿದವರಲ್ಲಿ. ಎಂಟನೆಯ ಶತಮಾನದ ಬೌದ್ಧಾಚಾರ್ಯ ಶಾಂತರಕ್ಷಿತನು ತತ್ತ್ವಸಂಗ್ರಹದ ಅನುಮಾನಪರೀಕ್ಷೆಯಲ್ಲಿ ಈ ಪೂರ್ವಪಕ್ಷವನ್ನು ಹಲವು ಕಾರಿಕೆಗಳಲ್ಲಿ ಇಟ್ಟಿದ್ದಾನೆ. ಮೇಲಣ ಶ್ಯಾಮಪುತ್ರನ ದೃಷ್ಟಾಂತವೂ ಅಲ್ಲಿದೆ. ಇದು ಪಾತ್ರಸ್ವಾಮಿಯ ಮತವೆಂದು ಪಂಜಿಕೆಯಲ್ಲಿ ಹೆಸರಿಸಿದವನು ಅವನ ಶಿಷ್ಯ ಕಮಲಶೀಲ. ಎದುರಾಳಿಯ ಮಾತನ್ನು ಕುಗ್ಗಿಸದೆ ಮುಂದಿಟ್ಟು ಬಳಿಕ ಉತ್ತರಿಸುವ ಪದ್ಧತಿಯನ್ನು ಆ ಗುರುಶಿಷ್ಯರು ಪಾಲಿಸದಿದ್ದರೆ, ಪಾತ್ರಕೇಸರಿಗಳ ಯುಕ್ತಿಯ ವಿಸ್ತಾರವನ್ನು ಇಂದು ಅಳೆಯುವುದು ಕಷ್ಟವಾಗುತ್ತಿತ್ತು. ಶಾಂತರಕ್ಷಿತನ ಉತ್ತರ ಎಷ್ಟು ಸಮರ್ಪಕವೆಂಬುದು ಬೇರೆಯ ಚರ್ಚೆ.

ಋಣವು ಏಕಮುಖವಲ್ಲ. 1926ರಲ್ಲಿ ಬರೋಡೆಯಿಂದ ಅಚ್ಚಾದ ತತ್ತ್ವಸಂಗ್ರಹದ ಸಂಸ್ಕೃತ ಮೂಲವು ದೊರೆತುದು ಯಾವ ಬೌದ್ಧ ವಿಹಾರದಲ್ಲಿಯೂ ಅಲ್ಲ. ಪಾಟಣದ ಜೈನ ಭಂಡಾರದಲ್ಲಿ.