ಮುಧೋಳ ನಾಯಿ: ತಳಿಗುಣ ಸಂರಕ್ಷಣೆಯಲ್ಲಿ ಶ್ವಾನ ಪ್ರದರ್ಶನದ ತೀರ್ಪುಗಾರರ ಹೊಣೆ

ಕಲ್ಲಡ್ಕ, ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಭಾಗದ ಕೃಷಿಕರು ಮನೆ ಮತ್ತು ಅಡಿಕೆ ತೋಟದ ಕಾವಲಿಗೆ ನಾಯಿ ಸಾಕುವುದು ರೂಢಿ. ನಮ್ಮ ರಾಜ್ಯದ ತಳಿಯಾದ ಮುಧೋಳದ ಮರಿಯನ್ನು ಕೊಳ್ಳಲು ಹೋದಾಗ, ತಂದೆ ನಾಯಿ ಪ್ರದರ್ಶನದಲ್ಲಿ ಗೆದ್ದ ಪದಕವನ್ನು ಮಾರಾಟಗಾರರು ತೋರಿಸುವುದುಂಟು. ಆ ಪದಕದ ಬೆಲೆ ಅದನ್ನು ನೀಡಿದ ತೀರ್ಪುಗಾರರ ವಿವೇಚನೆಯನ್ನು ಅವಲಂಬಿಸಿದೆ.

ತಳಿಯ ಪರಿಚಯ

ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಪೋಷಿಸಿದ ಬೇಟೆ ನಾಯಿ ಇದು. ನೀಳವಾದ ತಲೆ, ಆಳವಾದ ಎದೆ, ಒಳಸೆಳೆದ ಹೊಟ್ಟೆ, ಗಿಡ್ಡ ಕೂದಲು ಇದರ ಲಕ್ಷಣಗಳು. ಬೇಟೆಯನ್ನು ಕಣ್ಣಿನಿಂದ ಗುರುತಿಸಿ ಬೆನ್ನಟ್ಟುವ ಕೆಲಸಕ್ಕೆ ಈ ಮೈಕಟ್ಟು ತಕ್ಕುದಾಗಿದೆ. 2005ರಲ್ಲಿ ಅಂಚೆ ಇಲಾಖೆಯು ಈ ತಳಿಯ ಅಂಚೆಚೀಟಿ ಹೊರತಂದಿತು. ಕೆನಲ್ ಕ್ಲಬ್ ಆಫ್ ಇಂಡಿಯಾ ಇದನ್ನು ‘ಕ್ಯಾರವಾನ್ ಹೌಂಡ್’ ಎಂಬ ಹೆಸರಿನಲ್ಲಿ ಗುರುತಿಸುತ್ತದೆ.

ತೀರ್ಪು ಏಕೆ ಮುಖ್ಯ?

ಬೀಜೋತ್ಪಾದನಾ ತಾಕಿನಲ್ಲಿ ಬೆರಕೆ ಗಿಡವನ್ನು ಕೀಳದೆ ಬಿಟ್ಟರೆ ಅದರ ದೋಷ ಮುಂದಿನ ಹಂಗಾಮಿನಲ್ಲಿ ಅನೇಕ ರೈತರ ಹೊಲ ಸೇರುತ್ತದೆ. ಪ್ರದರ್ಶನದಲ್ಲಿಯೂ ಹಾಗೆಯೇ. ಗೆದ್ದ ಗಂಡು ನಾಯಿಗೆ ಸಂತಾನಾಭಿವೃದ್ಧಿಗಾಗಿ ಬೇಡಿಕೆ ಹೆಚ್ಚುವುದರಿಂದ, ಅದರ ಗುಣದೋಷಗಳೆರಡೂ ಹಲವು ಸೂಲುಗಳ ಮರಿಗಳಿಗೆ ಹರಿಯುತ್ತವೆ.

2012ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ, ಆರೋಗ್ಯದ ತೊಂದರೆ ಹೆಚ್ಚಿರುವ 15 ತಳಿಗಳ ವಿಜೇತ ನಾಯಿಗಳಿಗೆ ಪಶುವೈದ್ಯರ ತಪಾಸಣೆಯನ್ನು ಕಡ್ಡಾಯಗೊಳಿಸಲಾಯಿತು. ತೀರ್ಪುಗಾರರು ಅತ್ಯುತ್ತಮವೆಂದು ಆರಿಸಿದ್ದ ಬುಲ್‌ಡಾಗ್, ಪೆಕಿನೀಸ್ ಸೇರಿದಂತೆ 6 ತಳಿಗಳ ನಾಯಿಗಳು ಅದರಲ್ಲಿ ಅನುತ್ತೀರ್ಣವಾದವು. ನೋಟಕ್ಕಷ್ಟೇ ಮಣೆ ಹಾಕಿದರೆ ಆಗುವ ಹಾನಿಗೆ ಇದು ನಿದರ್ಶನ.

ತೀರ್ಪುಗಾರರು ಪಾಲಿಸಬೇಕಾದ ಅಂಶಗಳು

- ನಾಯಿಗಳನ್ನು ಪರಸ್ಪರ ಹೋಲಿಸುವ ಮುನ್ನ ಪ್ರತಿಯೊಂದನ್ನೂ ಲಿಖಿತ ತಳಿಮಾನಕದೊಡನೆ ಹೋಲಿಸಬೇಕು.
- ನಿಂತ ಭಂಗಿಗಿಂತ ನಡಿಗೆ ಮತ್ತು ಓಟದ ಸರಾಗತೆಗೆ ಹೆಚ್ಚಿನ ಮಹತ್ವ ನೀಡಬೇಕು. ಮುಧೋಳ ಓಡುವುದಕ್ಕೆಂದೇ ಇರುವ ತಳಿ.
- ಅತಿ ಎತ್ತರ, ಅತಿ ಕೃಶತೆಯನ್ನು ಸೊಬಗೆಂದು ಭಾವಿಸಬಾರದು.
- ಅಪರಿಚಿತರಿಂದ ದೂರ ಉಳಿಯುವುದು ಈ ತಳಿಯ ಸಹಜ ಗುಣ, ಅದಕ್ಕೆ ಅಂಕ ಕಳೆಯಬಾರದು. ಆದರೆ ಕಾರಣವಿಲ್ಲದೆ ಕಚ್ಚಲು ಬರುವ ನಾಯಿಯನ್ನು ಹೊರಗಿಡಬೇಕು.
- ಯಾವ ನಾಯಿಯೂ ಅರ್ಹವಲ್ಲದಿದ್ದಲ್ಲಿ ಬಹುಮಾನವನ್ನು ತಡೆಹಿಡಿಯುವ ಧೈರ್ಯವಿರಬೇಕು.
- ತಾವು ಸಾಕಿದ ಅಥವಾ ಮಾರಿದ ನಾಯಿಯ ತೀರ್ಪಿನಿಂದ ದೂರ ಉಳಿಯಬೇಕು.

ಮಾನಕದ ಮಿತಿಯೊಳಗಿನ ವೈವಿಧ್ಯವನ್ನೂ ತೀರ್ಪುಗಾರರು ಗೌರವಿಸಬೇಕು. ಒಂದೇ ರಕ್ತಸಂಬಂಧದ ನಾಯಿಗಳೇ ಸದಾ ಗೆದ್ದರೆ ಒಳಸಂಕರಣ ಹೆಚ್ಚಿ ತಳಿಯ ಕಸುವು ಕುಂದುತ್ತದೆ.

ಸಾಕುವವರಿಗೆ ಸಲಹೆ

ಪದಕವೊಂದನ್ನೇ ನಂಬದೆ ತಾಯಿ ಮತ್ತು ತಂದೆ ನಾಯಿಗಳ ಓಟ, ಸ್ವಭಾವ, ವಂಶಾವಳಿ ಪತ್ರವನ್ನು ಪರಿಶೀಲಿಸಿರಿ. ಖರೀದಿಗೆ ಮುನ್ನ ಮರಿಯನ್ನು ಪಶುವೈದ್ಯರಿಗೆ ತೋರಿಸಿರಿ. ಸದಾ ಕಟ್ಟಿಹಾಕಿ ಸಾಕಲು ಈ ತಳಿ ಯೋಗ್ಯವಲ್ಲ ಎಂಬುದನ್ನೂ ಗಮನಿಸಿರಿ. ಹೆಚ್ಚಿನ ಮಾಹಿತಿಗಾಗಿ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ಅಥವಾ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು.